ಸ್ಪರ್ಶ ಮತ್ತು ಅಂತರ: ಒಂದು ಚಿಂತನ

ಮಾತು ಬಾರದ ಹಸುಗೂಸು ತಾಯಿಯನ್ನು ಅರಿಯುವುದು ಸ್ಪರ್ಶದಿಂದ. ಆದರೆ ಯಾರು ಯಾರನ್ನು ಹೇಗೆ ಮುಟ್ಟಬೇಕೆಂಬ ಮರ್ಯಾದೆಯು ದೇಶ ದೇಶಗಳಲ್ಲಿ ಭಿನ್ನವಾಗಿರುವುದು. ಫ್ರೆಂಚರು ಕೆನ್ನೆಗೆ ಕೆನ್ನೆ ತಾಗಿಸಿ ಸ್ವಾಗತಿಸುವರು. ನ್ಯೂಜಿಲೆಂಡಿನ ಮಾವೊರಿ ಜನರು ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ಉಸಿರನ್ನೇ ಹಂಚಿಕೊಳ್ಳುವರು. ಇದಕ್ಕೆ ‘ಹೊಂಗಿ’ ಎಂದು ಹೆಸರು. ಜಪಾನೀಯರು ದೂರ ನಿಂತು ತಲೆಬಾಗುವರು. ಭಾರತೀಯರು ಕೈಜೋಡಿಸುವರು.

2020ರಲ್ಲಿ ಕೋವಿಡ್ ಮಹಾಮಾರಿಯು ಹಬ್ಬಿದಾಗ ಈ ಮರ್ಯಾದೆಗಳೆಲ್ಲ ಒಮ್ಮೆಗೇ ಅಲುಗಿದವು. ಫ್ರಾನ್ಸಿನ ಆರೋಗ್ಯ ಸಚಿವರು ಕೆನ್ನೆಯ ಮುತ್ತು ಬೇಡವೆಂದರು. ಕೆಲವು ಮಾವೊರಿ ಕುಲಗಳು ಹೊಂಗಿಯನ್ನು ತಡೆದವು. ಅಧ್ಯಕ್ಷ ಮ್ಯಾಕ್ರೋನ್ ಅತಿಥಿಗಳಿಗೆ ಕೈಜೋಡಿಸಿ ವಂದಿಸಿದರು. ಇದನ್ನು ಕಂಡು ಭಾರತದಲ್ಲಿ ಅನೇಕರು ಹೆಮ್ಮೆಪಟ್ಟರು. ಆದರೆ ಇದೇ ನೆಲದಲ್ಲಿ ಹುಟ್ಟಿನ ಕಾರಣಕ್ಕೆ ಮನುಷ್ಯರನ್ನು ಶತಮಾನಗಳ ಕಾಲ ದೂರ ನಿಲ್ಲಿಸಲಾಗಿತ್ತು. ಅದನ್ನು ನಿಷೇಧಿಸಲು ಸಂವಿಧಾನದ 17ನೆಯ ವಿಧಿಯೇ ಬೇಕಾಯಿತು. 2020ರಲ್ಲಿಯೂ ರೋಗಿಗಳ ಸೇವೆ ಮಾಡಿ ಬಂದ ದಾದಿಯರಿಗೆ ಕೆಲವೆಡೆ ಬಾಡಿಗೆ ಮನೆ ಬಿಡುವಂತೆ ಹೇಳಲಾಯಿತು.

ಹಾಗಾದರೆ ದಯೆಯ ಅಂತರವನ್ನೂ ತಿರಸ್ಕಾರದ ಅಂತರವನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ‘ನಿನ್ನಿಂದ ನನಗೆ ಮೈಲಿಗೆ’ ಎನ್ನುವುದು ತಿರಸ್ಕಾರ. ‘ನನ್ನಿಂದ ನಿನಗೆ ಹಾನಿಯಾಗದಿರಲಿ’ ಎನ್ನುವುದು ದಯೆ. ಸೂಕ್ಷ್ಮ ಜೀವಿಗಳಿಗೆ ನೋವಾಗದಿರಲೆಂದು ಸ್ಥಾನಕವಾಸಿ ಸಾಧುಗಳು ಬಾಯಿಗೆ ಕಟ್ಟುವ ಮುಹಪತ್ತಿಯಲ್ಲಿ ಈ ಎರಡನೆಯ ಭಾವವೇ ಇದೆ. ದಯೆಯ ಅಂತರವು ಕಾರಣ ತೀರಿದೊಡನೆ ತಾನೂ ತೀರುವುದು. ಅಂತರವಿರುವಾಗಲೂ ಬಾಗಿಲಿಗೆ ಅನ್ನ, ಔಷಧಗಳನ್ನು ಮುಟ್ಟಿಸುವುದು.

ಇದರ ಕಠಿಣ ಪರೀಕ್ಷೆ ನಡೆದದ್ದು ಸಾವಿನ ಎದುರಿನಲ್ಲಿ. 2020ರ ಮಾರ್ಚಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ನೀಡಿದ ಸೂಚನೆಯಂತೆ ಮೃತರ ಮುಖವನ್ನು ಕೊನೆಯ ಬಾರಿ ನೋಡಬಹುದಿತ್ತು, ಮಂತ್ರ ಪಠಿಸಬಹುದಿತ್ತು. ಮೈ ತೊಳೆಯುವಂತಿರಲಿಲ್ಲ, ಅಪ್ಪುವಂತಿರಲಿಲ್ಲ. ಹೆತ್ತವರ ಕೊನೆಯ ಋಣ ತೀರಿಸಲಾಗದೆ ಮಕ್ಕಳು ದೂರ ನಿಂತರು. ಬದುಕಿರುವವರ ರಕ್ಷಣೆಗಾಗಿ ಹಾಗೆ ನಿಂತದ್ದು ಅಧರ್ಮವಲ್ಲ. ಆದರೆ ಆ ದೇಹಗಳನ್ನು ಎತ್ತಿ ಚಿತೆಯ ಮೇಲಿರಿಸಿದ ಕೈಗಳು ಯಾರವು? ಅನೇಕ ಊರುಗಳಲ್ಲಿ ಅವು, ಹಿಂದೆ ಸಮಾಜವು ಮುಟ್ಟಲೊಲ್ಲದ ಕುಲಗಳ ಕಾರ್ಮಿಕರವು. ಮಕ್ಕಳು ಮಾಡಲಾಗದ ಸೇವೆಯನ್ನು ಮಾಡಿದವರನ್ನು, ಭಯ ಕಳೆದಿರುವ ಇಂದು, ಕೈಹಿಡಿದು ಮನೆಯೊಳಕ್ಕೆ ಕರೆದು ಪಂಕ್ತಿಯಲ್ಲಿ ಕೂರಿಸಲು ಮನಸ್ಸು ಬರುವುದೇ? ಅಂದು ಕಾಯ್ದುಕೊಂಡ ಅಂತರವು ದಯೆಯದೋ ಅಲ್ಲವೋ ಎಂಬುದು ಅಲ್ಲಿ ತಿಳಿಯುವುದು.