ಹಳೆಯದನ್ನು ಏನು ಮಾಡುತ್ತೀರಿ?



ಕಳೆದ ಭಾನುವಾರ ತರೀಕೆರೆಯಲ್ಲಿ ನಮ್ಮ ಅಧ್ಯಯನ ಬಳಗ ಸೇರಿತ್ತು. ತ್ರಿಸರಣ, ಪಂಚಶೀಲ ಮುಗಿದ ಮೇಲೆ ಅಜ್ಜಂಪುರದಿಂದ ಬರುವ ಹುಡುಗಿಯೊಬ್ಬಳು ನನ್ನ ಕೈಲಿದ್ದ ಬರೆಯುವ ಟ್ಯಾಬ್ಲೆಟ್ ನೋಡಿ ಕೇಳಿದಳು: "ಮೇಷ್ಟ್ರೇ, ಇದರಲ್ಲಿ ಹಳೇದು, ಹೊಸದು ಅಂತ ಬರ್ತಾವಲ್ಲ, ದಿನಾ ಬರೆಯೋಕೆ ಯಾವುದು ತಗೊಂಡ್ರೆ ಒಳ್ಳೇದು?" ಆಕೆ ಪರೀಕ್ಷೆಗೆ ಓದುತ್ತಿದ್ದಾಳೆ. ಮೊಬೈಲಿನಲ್ಲಿ ಓದಿ ಓದಿ ಕಣ್ಣುರಿ. ಅವತ್ತು ನಾನು ಅರ್ಧ ಉತ್ತರ ಕೊಟ್ಟೆ. ಇನ್ನರ್ಧ ಹೇಳಲು ನಾಚಿಕೆಯಾಯಿತು. ಇವತ್ತು ಎರಡನ್ನೂ ಬರೆಯುತ್ತೇನೆ.

ಮೊದಲು ಗೊತ್ತಿಲ್ಲದವರಿಗೆ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ, ಬಟನ್ ಒತ್ತಿದರೆ ಎಲ್ಲ ಅಳಿಸಿಹೋಗುವ ಪ್ಲಾಸ್ಟಿಕ್ ಸ್ಲೇಟಲ್ಲ ಇದು. ಇದರ ಪರದೆಯನ್ನು ಇ-ಇಂಕ್ ಎನ್ನುತ್ತಾರೆ. ಒಳಗೆ ಕೂದಲೆಳೆಯಷ್ಟು ದಪ್ಪದ ಗುಳಿಗೆಗಳು, ಅವುಗಳಲ್ಲಿ ಕಪ್ಪು ಬಿಳಿ ಕಣಗಳು. ವಿದ್ಯುತ್ ತಾಗಿದಾಗ ಕಪ್ಪು ಮೇಲೆ ಬರುತ್ತದೆ ಇಲ್ಲವೇ ಬಿಳಿ ಮೇಲೆ ಬರುತ್ತದೆ, ಬಂದದ್ದು ಅಲ್ಲೇ ನಿಲ್ಲುತ್ತದೆ. ಪುಟ ಬದಲಾಗುವಾಗ ಮಾತ್ರ ಕರೆಂಟ್ ಖರ್ಚು. ಬಸ್ಸಿನ ಕಿಟಕಿಯ ಬಿಸಿಲಿನಲ್ಲೂ ಕಾಗದದಂತೆ ಕಾಣುತ್ತದೆ. ಸಿನಿಮಾ ನೋಡಲಾಗದು, ಅದೇ ಇದರ ಗುಣ ಅನ್ನಿ.

ನನ್ನ ಬಳಿ ಇರುವುದು ನಾರ್ವೆ ದೇಶದ ರಿಮಾರ್ಕಬಲ್. ಇದರ ಮೊದಲ ತಲೆಮಾರು ಬಂದದ್ದು 2017ರಲ್ಲಿ, ಎರಡನೆಯದು 2020ರಲ್ಲಿ. ಮೊದಲನೆಯದು ಪ್ಲಾಸ್ಟಿಕ್ ಮೈ, 6.7 ಮಿಲಿಮೀಟರ್ ದಪ್ಪ, ಪರದೆಯ ಕೆಳಗೆ ಮೂರು ಗುಂಡಿ. ಎರಡನೆಯದು 4.7 ಮಿಲಿಮೀಟರ್, ಪರದೆಯ ಕೆಳಗೆ ಗುಂಡಿಗಳಿಲ್ಲ. ತೆಳ್ಳಗಾಯಿತು ಅಂತ ಹಗುರವಾಯಿತು ಅಂದುಕೊಳ್ಳಬೇಡಿ: ಮೊದಲನೆಯದು 350 ಗ್ರಾಂ, ಎರಡನೆಯದು 400 ಗ್ರಾಂ ದಾಟುತ್ತದೆ! ಪೆನ್ನು ಓಡಿಸಿದ ಮೇಲೆ ಗೆರೆ ಮೂಡಲು ಮೊದಲನೆಯದಕ್ಕೆ 55 ಮಿಲಿಸೆಕೆಂಡ್, ಎರಡನೆಯದಕ್ಕೆ 21 ಎಂದು ಕಂಪನಿಯ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ ವ್ಯತ್ಯಾಸ ತಿಳಿಯುತ್ತದೆ, ಒಂದನ್ನೇ ಬಳಸಿದರೆ ಕೈ ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ.

ಪರದೆ? ಎರಡರದ್ದೂ 10.3 ಇಂಚು, ಎರಡರಲ್ಲೂ ಇಂಚಿಗೆ 226 ಚುಕ್ಕಿ. ಎರಡಕ್ಕೂ ಒಳಬೆಳಕಿಲ್ಲ, ರಾತ್ರಿ ಕರೆಂಟ್ ಹೋದರೆ ದೀಪ ಬೇಕು. ಇದರ ಪೆನ್ನು ಅದರ ಮೇಲೆ, ಅದರ ಪೆನ್ನು ಇದರ ಮೇಲೆ ಬರೆಯುತ್ತದೆ. ಪೆನ್ನಿಗೆ ಚಾರ್ಜ್ ಬೇಡ, ಸವೆದಾಗ ಮೊನೆ ಬದಲಿಸಿದರೆ ಸಾಕು. 2024ರಲ್ಲಿ ಬಂದ ಪೇಪರ್ ಪ್ರೋಗೆ ಬಣ್ಣವಿದೆ, ಬೆಳಕಿದೆ, ಪರದೆ 11.8 ಇಂಚು. ಆದರೆ ಅದರ ಪೆನ್ನಿಗೂ ಚಾರ್ಜ್ ಬೇಕು, ಹಳೆಯ ಪೆನ್ನು ಅದರ ಮೇಲೆ ನಡೆಯುವುದಿಲ್ಲ. ನೋಟ್ಸ್ ಬರೆಯುವವರಿಗೆ ಮೊದಲನೆಯದೇ ಸಾಕು. ಇದು ಅರ್ಧ ಉತ್ತರ.

ಇನ್ನರ್ಧ ಇದು. ಹೊರದೇಶದಲ್ಲಿರುವ ನನ್ನ ತಂಗಿಯ ಮಗ ಮೊದಲು ಹಳೆಯದನ್ನು ಕೊಟ್ಟಿದ್ದ, ಆಮೇಲೆ ಎರಡನೆಯದನ್ನೂ ತಂದುಕೊಟ್ಟ. ಹೊಸದು ಬಂದ ದಿನ ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಕಡೂರಿನ ನಮ್ಮ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. 'ಬೇಕಾಗಬಹುದು' ಅಂದುಕೊಂಡೆ. ಏಳು ತಿಂಗಳು ಬೇಕಾಗಲಿಲ್ಲ. ಆ ಮಗು ಯಾವುದು ಕೊಳ್ಳಲಿ ಎಂದು ಕೇಳಿದಾಗಲೂ 'ಹಳೆಯದೇ ಸಾಕಮ್ಮ' ಎಂದೆನೇ ಹೊರತು, ಹಳೆಯದೊಂದು ನನ್ನ ಬಳಿ ಸುಮ್ಮನೆ ಬಿದ್ದಿದೆ ಎನ್ನಲಿಲ್ಲ.

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಭಗವಾನರ ಪರಿನಿಬ್ಬಾಣದ ನಂತರ ಆನಂದ ಥೇರರು ಕೋಸಂಬಿಗೆ ಬಂದಾಗ ಉದೇನ ರಾಜನ ಅಂತಃಪುರದ ಹೆಣ್ಣುಮಕ್ಕಳು ಅವರಿಗೆ 500 ಚೀವರ ಕೊಡುತ್ತಾರೆ. ರಾಜನಿಗೆ ಸಿಟ್ಟು. ಈ ಶ್ರಮಣ ಬಟ್ಟೆ ಅಂಗಡಿ ಇಡುತ್ತಾನೋ ಹೇಗೆ ಎಂದು ಬಂದೇ ಕೇಳುತ್ತಾನೆ, ಇಷ್ಟನ್ನು ಏನು ಮಾಡುತ್ತೀರಿ? ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇವೆ. ಅವರ ಹಳೆಯದನ್ನು? ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಮೇಲುಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಅದು ಹಳತಾದರೆ ಕಾಲೊರಸು, ಆಮೇಲೆ ಧೂಳು ಒರೆಸುವ ಬಟ್ಟೆ. ಅದೂ ಹಳತಾದರೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಟ್ಟ.

ಗಮನಿಸಿ, ಹೊಸದನ್ನು ಪಡೆದದ್ದು ತಪ್ಪೆಂದು ಅಲ್ಲಿ ಯಾರೂ ಹೇಳಲಿಲ್ಲ. ರಾಜ ಬಿಡದೆ ಕೇಳಿದ್ದು ಹಳೆಯದರ ಲೆಕ್ಕ. ನಾನು ಆ ರಾಜನ ಮುಂದೆ ನಿಂತಿದ್ದರೆ 'ಬೀರುವಿನಲ್ಲಿದೆ ಸ್ವಾಮಿ' ಎನ್ನಬೇಕಿತ್ತು.

ಓದುವ ಸಾಧನ ಬೇಕೆನ್ನುವುದನ್ನು ನಮ್ಮಲ್ಲಿ ಕೆಲವರು ತಣ್ಹಾ ಎಂದು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಬಾಬಾಸಾಹೇಬರು ನ್ಯೂಯಾರ್ಕ್, ಲಂಡನ್‌ಗಳಲ್ಲಿ ಹೊಟ್ಟೆ ಕಟ್ಟಿ ಪುಸ್ತಕ ಕೊಂಡವರು. 1917ರಲ್ಲಿ ಅವರ ಸಾಮಾನು ತರುತ್ತಿದ್ದ ಹಡಗು ಟಾರ್ಪೆಡೊಗೆ ಸಿಕ್ಕಿ ಮುಳುಗಿ ಪುಸ್ತಕಗಳೂ ಹೋದವು, ಮತ್ತೆ ಕೊಂಡರು. ಹೆಬ್ಬೆಟ್ಟು ಒತ್ತಿದವರ ಮೊಮ್ಮಗಳು ಬರೆಯುವ ಹಲಗೆ ಕೇಳಿದರೆ ಅದು ಕುಸಲ ಛಂದ, ಒಳ್ಳೆಯದರ ಬಯಕೆ. ನನ್ನ ಬೀಗಕ್ಕೆ ಬೇರೆ ಹೆಸರಿದೆ: ಮಚ್ಛರಿಯ. ಕೈಬಿಡಲಾಗದ ಜಿಪುಣತನ. ಅದರ ಐದು ಬಗೆಗಳಲ್ಲಿ ಲಾಭದ ಜಿಪುಣತನವೂ ಒಂದು, ಧಮ್ಮದ ಅಂದರೆ ವಿದ್ಯೆಯ ಜಿಪುಣತನವೂ ಒಂದು. ಅಕ್ಷರಕ್ಕೆ ಬೀಗ ಹಾಕಿ ನಮ್ಮ ಹಿರಿಯರನ್ನು ಹೊರಗಿಟ್ಟವರ ಬಗ್ಗೆ ನಾನು ಮೂವತ್ತು ವರ್ಷ ಭಾಷಣ ಮಾಡಿದ್ದೇನೆ. ಬೀಗದ ಕೈ ಈ ಸಲ ನನ್ನ ಜೇಬಿನಲ್ಲಿತ್ತು.

ನಿನ್ನೆ ಬೀರು ತೆಗೆದೆ. ಮನೆಯವಳು "ಏನು ಮುಹೂರ್ತ ಬಂತಾ" ಎಂದು ನಕ್ಕಳು. ಚಾರ್ಜ್ ಹಾಕಿದೆ, ಪೆನ್ನಿಗೆ ಹೊಸ ಮೊನೆ ಹಾಕಿದೆ. ಅದಕ್ಕೆ ಹಳೆಯ ಮೊಬೈಲಿನ ಸಣ್ಣ ಪಿನ್ನಿನ ಕೇಬಲ್ ಬೇಕು, ಅದೂ ಸಿಕ್ಕಿತು.

ತಾಯಿ, ಇದನ್ನು ನೀನು ಗ್ರೂಪಿನಲ್ಲಿ ಓದುತ್ತೀಯ. ಇದು ನಿನಗೆ ದಾನವಲ್ಲ, ಇಂದಿನಿಂದ ಇದು ಬಳಗದ ಸ್ವತ್ತು. ನಿನ್ನ ಪರೀಕ್ಷೆ ಮುಗಿಯುವವರೆಗೆ ನಿನ್ನಲ್ಲಿರಲಿ, ಆಮೇಲೆ ಯಾರಿಗೆ ಕೊಡಬೇಕೆಂದು ನೀನೇ ಹೇಳು. ಭಾನುವಾರ ತರೀಕೆರೆಗೆ ತರುತ್ತೇನೆ. ನನ್ನ ಹಳೆಯ ಟಿಪ್ಪಣಿಗಳನ್ನು ಅಳಿಸಿಲ್ಲ, ಬೇಡವಾದರೆ ಅಳಿಸಿಕೋ. ಉಳಿದವರ ಬೀರುಗಳಲ್ಲಿ ಏನೇನಿದೆಯೋ ನೋಡಿ, ಕೇಬಲ್ ಮರೆಯದೆ ತನ್ನಿ.

ನಮೋ ಬುದ್ಧಾಯ. ಜೈ ಭೀಮ್.