ಅತ್ತಿಯ ಹೂವು

ಕೃಷ್ಣಾತೀರದ ಸಾಂಗ್ಲಿ-ಮಿರಜ ಸೀಮೆಯಲ್ಲಿ ಕನ್ನಡಿಗರು ಅತ್ತಿಯೆಂದೂ ಮರಾಠಿಗರು ಉಂಬರವೆಂದೂ ಕರೆಯುವ ಮರವು ಒಂದೇ. ಶಾಸ್ತ್ರಗಳಲ್ಲಿ ಅದಕ್ಕೆ ಔದುಂಬರವೆಂದು ಹೆಸರು. ಮಾತು ಎರಡಾದರೂ ಅದರ ಕಟ್ಟೆಗೆ ಹಾಕುವ ಪ್ರದಕ್ಷಿಣೆಯು ಒಂದೇ ಆಗಿದೆ.

ಹಿರಣ್ಯಕಶಿಪುವಿನ ಉದರವನ್ನು ಸೀಳಿದ ನರಸಿಂಹನ ಉಗುರುಗಳು ವಿಷದಿಂದ ಉರಿಯಲು, ಲಕ್ಷ್ಮಿಯು ತಂದ ಅತ್ತಿಯ ಹಣ್ಣುಗಳಲ್ಲಿ ಅವನ್ನು ನೆಡಲಾಗಿ ಉರಿಯು ಶಾಂತವಾಯಿತೆಂದು ಗುರುಚರಿತ್ರೆಯು ಹೇಳುವುದು. ಶ್ರೀ ನೃಸಿಂಹಸರಸ್ವತಿಗಳು ಭಿಲವಡಿಯ ಎದುರುದಡದಲ್ಲಿ ಈ ಮರದಡಿಯೇ ಚಾತುರ್ಮಾಸ್ಯವನ್ನು ಗುಪ್ತವಾಗಿ ಕಳೆದರು. ಆ ಕ್ಷೇತ್ರಕ್ಕೆ ಔದುಂಬರವೆಂದೇ ಹೆಸರಾಯಿತು. ಅಲ್ಲಿ ವಿಮಲ ಪಾದುಕೆಗಳು, ನರಸೋಬಾವಾಡಿಯಲ್ಲಿ ಮನೋಹರ ಪಾದುಕೆಗಳು, ನಮ್ಮ ಗಾಣಗಾಪುರದಲ್ಲಿ ನಿರ್ಗುಣ ಪಾದುಕೆಗಳು ಪೂಜೆಗೊಳ್ಳುತ್ತಿವೆ.

ಇನ್ನು ಈ ಮರದ ಗುಣವನ್ನು ನೋಡೋಣ. ಕಾಯಿಗಳು ಎಲೆಗಳ ನಡುವೆ ತೂಗದೆ, ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುವುವು. ಹೂವು ಮಾತ್ರ ಯಾರಿಗೂ ಕಾಣದು. ಅದಕ್ಕೇ ಜನರು ದುರ್ಲಭವಾದುದನ್ನು ಅತ್ತಿಯ ಹೂವೆನ್ನುವರು. ಆದರೆ ಹೂವಿಲ್ಲದೆ ಇಲ್ಲ. ನಾವು ಕಾಯಿಯೆನ್ನುವ ಆ ಗುಂಡಿನೊಳಗೇ ನೂರಾರು ಸಣ್ಣ ಹೂಗಳು ಅಡಗಿವೆ. ತುದಿಯ ಕಿರಿದಾದ ರಂಧ್ರದಿಂದ ಸೂಕ್ಷ್ಮವಾದ ಕಣಜವೊಂದು ಒಳಹೊಕ್ಕು, ಹೂಗಳಿಗೆ ಪರಾಗವನ್ನು ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುವುದು. ಅದರ ಸಂತತಿಯು ಪರಾಗವನ್ನು ಹೊತ್ತು ಬೇರೆ ಕಾಯಿಗಳಿಗೆ ಹಾರುವುದು. ಅತ್ತಿಯ ಹಣ್ಣನ್ನು ಬಿಚ್ಚಿದರೆ ಬರಿಯ ಹುಳವೆಂದು ಹೀಗಳೆಯುವವರು ಇದನ್ನು ಅರಿಯಬೇಕು. ಆ ಹುಳವಿಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ವಂಶವಿಲ್ಲ. ತನ್ನ ಹೂಗಳಲ್ಲಿ ಒಂದು ಪಾಲನ್ನು ಕೀಟಕ್ಕೆ ಬಿಟ್ಟುಕೊಟ್ಟೇ ಮರವು ಬಾಳುತ್ತಿದೆ.

ಉಪಯೋಗಗಳೂ ಬಹಳ. ಶುಕ್ರಗ್ರಹದ ಹೋಮಕ್ಕೆ ಇದರ ಸಮಿತ್ತು ಬೇಕು. ಇದರ ತೊಗಟೆಯು ಆಯುರ್ವೇದದ ಪಂಚವಲ್ಕಲಗಳಲ್ಲೊಂದು. ವ್ರಣವನ್ನು ತೊಳೆಯಲು ಅದರ ಕಷಾಯವನ್ನು ಬಳಸುವರು. ಬಯಲಿನಲ್ಲಿ ಬೇಗ ಕೆಡುವ ಕಟ್ಟಿಗೆಯು ನೀರಿನಲ್ಲಿ ಬಹುಕಾಲ ಬಾಳುವುದರಿಂದ ಹಿಂದಿನವರು ಬಾವಿಯ ಚೌಕಟ್ಟಿಗೆ ಅದನ್ನೇ ಇಳಿಸುತ್ತಿದ್ದರು. ಹಣ್ಣು ಹಕ್ಕಿಗೂ ಬಾವಲಿಗೂ ಕೋತಿಗೂ ಸಮನಾದ ಅನ್ನಸಂತರ್ಪಣೆ.

ಜೀರ್ಣೋದ್ಧಾರದ ಕಾಲದಲ್ಲಿ ಭಕ್ತರು ಯೋಚಿಸಬೇಕಾದುದು ಇಷ್ಟೆ. ಅಂಗಳವು ಅಂದವಾಗಲೆಂದು ಮರದ ಬುಡದವರೆಗೂ ಸಿಮೆಂಟು ಬಳಿದು ಫರಸಿ ಹಾಸಿದರೆ, ನೀರೂ ಗಾಳಿಯೂ ದೊರೆಯದೆ ಬೇರು ಸೊರಗುವುದು. ದೇವರಿಗೆ ಮನೆ ಕಟ್ಟಿ ದೇವರು ಕುಳಿತ ನೆರಳನ್ನು ಕಳೆದಂತಾಗುವುದು. ಕಟ್ಟೆಯೊಳಗೆ ವಿಶಾಲವಾಗಿ ಮಣ್ಣು ಬಿಡಲಿ. ಪ್ರದಕ್ಷಿಣೆಯ ಹಾದಿಯು ಅದರ ಹೊರಗಿರಲಿ.

ಇನ್ನೊಂದು ಮಾತು. ದಾನಿಗಳ ಹೆಸರು ಕಲ್ಲಿನಲ್ಲಿ ಬರೆಯಲ್ಪಡುವುದು ತಪ್ಪಲ್ಲ. ಆದರೆ ಕಲ್ಲು ಹೊತ್ತವರು, ಮಣ್ಣು ಕಲಸಿದವರು, ಮುಷ್ಟಿ ಜೋಳ ಕೊಟ್ಟ ಮುದುಕಿಯರು ಯಾವ ಫಲಕದಲ್ಲಿಯೂ ಇರರು. ಅವರ ಸೇವೆಯು ಅತ್ತಿಯ ಹೂವು. ಹೂವನ್ನು ತೋರದೆ ಹಣ್ಣನ್ನು ಮಾತ್ರ ಕೊಡುವ ಮರದಡಿಯಲ್ಲಿ ಗುರುವು ಕುಳಿತಿದ್ದಾನೆ. ಅವನಿಗೆ ಅದು ಕಾಣದೆ ಹೋಗದು.

ಶ್ರೀ ಗುರುದತ್ತಾರ್ಪಣಮಸ್ತು.