ಬಾಳೆಹಣ್ಣಿಗೆ ಮುದ್ರೆ ಬೇಕಿಲ್ಲ

ಕೋಡುಬಳೆ ಕರಿದು, ತಟ್ಟೆಗೆ ಹಾಕಿ, ಮೇಲೊಂದು ಒಗೆದ ಬಟ್ಟೆ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದವಳು ಆ ತಟ್ಟೆಯನ್ನು ಹಾಗೆಯೇ ಹಿಂದಕ್ಕೆ ತಂದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. 2012ರ ಮಾತು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಯ ಹೈಲೆಂಡ್ ಪಾರ್ಕಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಹೆಚ್ಚುಕಡಿಮೆ ನನ್ನ ವಯಸ್ಸಿನ ಯಹೂದಿ ಹೆಂಗಸು, ನನ್ನ ಹಾಗೆಯೇ ನಿವೃತ್ತ ಟೀಚರು. ಅವರು ಬಾಗಿಲಲ್ಲೇ ನಿಂತು, "ಒಳ್ಳೆಯ ಪರಿಮಳ ಬರುತ್ತಿದೆ, ಆದರೆ ನಾನು ತಿನ್ನುವಂತಿಲ್ಲ. ತಪ್ಪು ತಿಳಿಯಬೇಡಿ" ಎಂದರು. ನಾನು ತಪ್ಪಾಗಿಯೇ ತಿಳಿದೆ. ಮೊಟ್ಟೆಯನ್ನೂ ಮನೆಯೊಳಗೆ ಸೇರಿಸದ ನನ್ನ ಕೈಯ ಅಕ್ಕಿಹಿಟ್ಟಿನ ತಿಂಡಿಗೆ ಮೈಲಿಗೆ ಎಲ್ಲಿಂದ ಬಂತು?

ಎರಡು ದಿನ ಬಿಟ್ಟು, ಬಿಗುಮಾನದಿಂದಲೇ, ನಾಲ್ಕು ಬಾಳೆಹಣ್ಣು ಕೊಟ್ಟೆ. ನನ್ನೆದುರಿಗೇ ಸಿಪ್ಪೆ ಸುಲಿದು ತಿಂದರು! ನನ್ನ ಮುಖ ಕಂಡು ನಕ್ಕು, ಮಾರನೆಯ ದಿನ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು.

ಆ ಅಂಗಡಿಯಲ್ಲಿ ನಾನು ಕಲಿತದ್ದು ಇಷ್ಟು. ದೇವರು ಬೆಳೆಸಿದ ಹಾಗೆಯೇ ಇರುವುದಕ್ಕೆ ಯಾರ ಮುದ್ರೆಯೂ ಬೇಕಿಲ್ಲ. ಹಣ್ಣು, ತರಕಾರಿ, ಅಕ್ಕಿ, ಬೇಳೆ, ಉಪ್ಪು, ಸಕ್ಕರೆ, ಬೇರೇನೂ ಬೆರೆಸದ ಚಹದ ಎಲೆ, ಕಾಫಿಬೀಜ, ಇವೆಲ್ಲ ಸಾಮಾನ್ಯವಾಗಿ ಹಾಗೆಯೇ ನಡೆಯುತ್ತವೆ. ಸೊಪ್ಪಿಗೆ ಮುದ್ರೆ ಬೇಡವಾದರೂ ಕಣ್ಣು ಬೇಕು, ಯಾಕೆಂದರೆ ಹುಳು ತಿನ್ನುವುದು ನಿಷಿದ್ಧ. ಕೋಳಿಮೊಟ್ಟೆಯನ್ನು ಒಡೆದು ರಕ್ತದ ಚುಕ್ಕೆ ಇದೆಯೇ ಎಂದು ನೋಡುತ್ತಾರೆ. ಮನುಷ್ಯನ ಕೈಯೋ ಯಂತ್ರವೋ ನಡುವೆ ಬಂತೆಂದರೆ ಸಂಶಯ ಶುರು. ಚೀಸಿಗೆ ಹಾಲು ಒಡೆಸುವ ದ್ರವ್ಯ ಕರುವಿನ ಹೊಟ್ಟೆಯದಿರಬಹುದು, ಬಿಸ್ಕತ್ತಿನಲ್ಲಿ ಹಂದಿಯ ಕೊಬ್ಬಿರಬಹುದು, ಮಿಠಾಯಿಯ ಕೆಂಪು ಬಣ್ಣ ಒಂದು ಕೀಟವನ್ನು ಅರೆದು ತೆಗೆದದ್ದಿರಬಹುದು. ಎಣ್ಣೆ ಶುದ್ಧ ಸಸ್ಯದ್ದೇ ಆದರೂ ಅದೇ ಯಂತ್ರದಲ್ಲಿ ಮುಂಚೆ ಏನು ಹರಿದಿತ್ತೋ! ಹೀಗಾಗಿ ಡಬ್ಬಿಯ ಮೂಲೆಯಲ್ಲಿ ಪುಟ್ಟ ಗುರುತೊಂದನ್ನು ಹುಡುಕುತ್ತಾರೆ. ವೃತ್ತದೊಳಗೆ ಇಂಗ್ಲಿಷಿನ 'ಯು' ಅಕ್ಷರವಿರುವ ಗುರುತು 1923ರಲ್ಲಿ ಹೈಂಜ್ ಕಂಪನಿಯ ಬೀನ್ಸ್ ಡಬ್ಬಿಯಿಂದ ಆರಂಭವಾಯಿತಂತೆ. ನಗುವ ಹಾಗಿಲ್ಲ. 2001ರಿಂದ ನಾವೂ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹುಡುಕುವವರೇ.

ಕೋಕಾಕೋಲಾದ ಕಥೆಯನ್ನು ಅವರು ಬಹಳ ಪ್ರೀತಿಯಿಂದ ಹೇಳಿದರು. ಅಟ್ಲಾಂಟಾ ಊರಿನ ಧರ್ಮಗುರು ಟೋಬಿಯಾಸ್ ಗೆಫೆನ್ ಅವರನ್ನು, ಈ ಪಾನೀಯ ಕುಡಿಯಬಹುದೇ ಎಂದು ಜನ ಕೇಳುತ್ತಲೇ ಇದ್ದರು. ಗುಟ್ಟು ಬಿಡುವುದಿಲ್ಲವೆಂಬ ಮಾತಿನ ಮೇಲೆ ಕಂಪನಿ ಅವರಿಗೆ ಪದಾರ್ಥಗಳ ಪಟ್ಟಿ ತೋರಿಸಿತು. ಅದರಲ್ಲಿ ಪ್ರಾಣಿಯ ಕೊಬ್ಬಿನಿಂದ ತೆಗೆದ ಗ್ಲಿಸರಿನ್ ಅತ್ಯಲ್ಪವಾಗಿ ಇತ್ತು. ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ನಿಷಿದ್ಧ ವಸ್ತು ಬಿದ್ದರೆ ಅದು ಇಲ್ಲವೆಂದೇ ಲೆಕ್ಕ ಎಂಬ ನಿಯಮ ಅವರ ಶಾಸ್ತ್ರದಲ್ಲಿದೆ. ಇದು ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಗೆಫೆನ್ ಒಪ್ಪಲಿಲ್ಲ. ಆ ರಿಯಾಯಿತಿ ಆಕಸ್ಮಿಕವಾಗಿ ಬಿದ್ದದ್ದಕ್ಕೆ, ಬೇಕೆಂದೇ ಹಾಕಿದ್ದಕ್ಕಲ್ಲ ಎಂದರು. ಕಂಪನಿ ಗ್ಲಿಸರಿನ್ ಬದಲಾಯಿಸಿದ ಮೇಲೆ, 1935ರಲ್ಲಿ, ಕುಡಿಯಬಹುದೆಂದು ತೀರ್ಪು ಬರೆದರು. ಪ್ರಮಾಣ ಎಷ್ಟೆಂಬುದಕ್ಕಿಂತ ಮನಸ್ಸು ಏನೆಂದು ನೋಡುವ ಈ ನ್ಯಾಯ ನನಗೆ ತುಂಬ ಹಿಡಿಸಿತು.

ಮನೆಗೆ ಬಂದು ಮಲಗಿದಾಗ ಮಾತ್ರ ನಿದ್ದೆ ಬರಲಿಲ್ಲ. ನನ್ನನ್ನು ಕಾಡಿದ್ದು ಕೋಡುಬಳೆಯಲ್ಲ, ನಮ್ಮಜ್ಜಿ.

ನಮ್ಮ ಮಲೆನಾಡಿನ ಮನೆಗೆ ಒಕ್ಕಲು ಹೆಂಗಸೊಬ್ಬಳು ಸೌತೆಕಾಯಿ, ಬಾಳೆಗೊನೆ, ಸುಲಿಯದ ತೆಂಗಿನಕಾಯಿ ತಂದುಕೊಡುತ್ತಿದ್ದಳು. ಅಜ್ಜಿ ಅವನ್ನು ಸಂತೋಷದಿಂದಲೇ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ನನ್ನಮ್ಮ ಜ್ವರದಿಂದ ಮಲಗಿದ್ದಾಗ ಅವಳು ಒಂದು ಪಾತ್ರೆಯಲ್ಲಿ ಕಡುಬು ತಂದಳು. "ಇಟ್ಟು ಹೋಗೇ" ಎಂದ ಅಜ್ಜಿ, ಅವಳು ಅಂಗಳ ದಾಟಿದ ಕೂಡಲೇ ಅದನ್ನು ಆಳಿನ ಕೈಯಲ್ಲಿ ಕೊಟ್ಟಿಗೆಗೆ ಕಳಿಸಿದರು. ಪಾತ್ರೆ ಬೇಕಿತ್ತೆಂದು ಅವಳು ತಿರುಗಿ ಬಂದಾಗ ದನ ಕಡುಬು ತಿನ್ನುತ್ತಿತ್ತು. ನಾನು ಅಲ್ಲೇ ನಿಂತಿದ್ದೆ, ಒಂಬತ್ತು ವರ್ಷದವಳು. ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಆಮೇಲೂ ಅವಳು ಸೌತೆಕಾಯಿ ತರುತ್ತಿದ್ದಳು. ಕಡುಬು ಮಾತ್ರ ತರಲಿಲ್ಲ.

ಹಾಗಾದರೆ ಬೇಲಿಯಾಚೆಯ ನನ್ನ ಗೆಳತಿಯೂ ಅಜ್ಜಿಯೂ ಒಂದೆಯೋ? ಮರುದಿನ ನೇರವಾಗಿಯೇ ಕೇಳಿದೆ. ಅವರಿಗೆ ಬೇಸರವಾಗಲಿಲ್ಲ. "ನನ್ನ ಸ್ವಂತ ತಂಗಿಯ ಮನೆಯಲ್ಲೂ ನಾನು ಉಣ್ಣುವುದಿಲ್ಲ" ಎಂದರು. ತಂಗಿ ಮಾಂಸಕ್ಕೂ ಹಾಲಿಗೂ ಒಂದೇ ಪಾತ್ರೆ ಬಳಸುತ್ತಾಳೆ. ಅಂದರೆ ಅವರು ನೋಡುವುದು ಅಡುಗೆಮನೆಯನ್ನು, ಹುಟ್ಟನ್ನಲ್ಲ. ಸಮಾಧಾನವಾಯಿತು ಎನ್ನುವಷ್ಟರಲ್ಲಿ ಅವರೇ ಮತ್ತೊಂದು ಹೇಳಿದರು. ಮುಚ್ಚಿಟ್ಟಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಪದಾರ್ಥವೆಲ್ಲ ಶುದ್ಧವಾಗಿದ್ದರೂ, ಹಸಿಯಾಗಿ ತಿನ್ನಲಾಗದ, ರಾಜನ ಪಂಕ್ತಿಗೆ ಬಡಿಸುವಂಥ ಅಡುಗೆಯನ್ನು ಪೂರ್ತಿ ಪರಧರ್ಮದವರೇ ಬೇಯಿಸಿದರೆ ಅವರಿಗೆ ನಿಷಿದ್ಧ. ಸಾಮಾನ್ಯ ದ್ರಾಕ್ಷಾರಸವನ್ನು ಹೊರಗಿನವರು ಮುಟ್ಟಿದರೂ ಆಗದು. ಉಣ್ಣುವ ಕುಡಿಯುವ ಸಲಿಗೆ ಬೆಳೆದು ಮದುವೆಗೆ ದಾರಿಯಾದೀತೆಂದು ಹಿಂದಿನ ಪಂಡಿತರು ಹಾಕಿದ ಕಟ್ಟು ಅದು.

ಅಂದರೆ ಅಲ್ಲೂ ಕೈಯನ್ನು ನೋಡುವುದುಂಟು! ಚದುರಿಹೋದ ಸಣ್ಣ ಜನಾಂಗವೊಂದು ತಾನು ಕರಗಿಹೋಗದಿರಲು ಹಾಕಿಕೊಂಡ ಬೇಲಿಗೂ, ಊರಿನ ಜಮೀನೆಲ್ಲ ತನ್ನದಾಗಿದ್ದವರು ಗೇಣಿಯವರ ಎದುರು ಹಾಕಿದ ಬೇಲಿಗೂ ವ್ಯತ್ಯಾಸವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ವ್ಯತ್ಯಾಸ ಇದೆ, ನಿಜ. ಆದರೆ ಬೇಲಿಯ ಹೊರಗೆ ತಟ್ಟೆ ಹಿಡಿದು ನಿಂತವಳಿಗೆ ಆ ಇತಿಹಾಸವೆಲ್ಲ ಹೊಳೆಯುವುದಿಲ್ಲ. ಅವಳ ಕೈಯಲ್ಲಿರುವ ತಿಂಡಿ ಆರುತ್ತಿರುತ್ತದೆ, ಅಷ್ಟೆ. ಇದನ್ನು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು.

ಗೆಳತಿಯ ಮಾತು ಅಲ್ಲಿಗೆ ಮುಗಿದಿರಲಿಲ್ಲ. "ಒಲೆಯನ್ನು ನಾನು ಹಚ್ಚಿದರೆ ನೀವು ಬೇಯಿಸಬಹುದು. ಪಾತ್ರೆ ನಮ್ಮದು. ನಾಳೆ ಬರುತ್ತೀರಾ?"

ಅವರ ಪಂಥದಲ್ಲಿ ಅಷ್ಟು ಸಾಕಂತೆ. ಎಲ್ಲರೂ ಒಪ್ಪುವುದಿಲ್ಲ ಎಂದೂ ಹೇಳಿದರು. ನಾನು ಅಕ್ಕಿ, ಬೇಳೆ, ಸಾಸಿವೆ, ಹಸಿ ಶೇಂಗಾ, ಮೆಣಸಿನಕಾಯಿ, ನಿಂಬೆಹಣ್ಣು, ಕರಿಬೇವು ತೆಗೆದುಕೊಂಡು ಹೋದೆ. ಎಣ್ಣೆ, ಅರಿಸಿನಪುಡಿ ಅವರದೇ, ಮುದ್ರೆಯಿದ್ದದ್ದು. ಇಂಗಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗೋಧಿಹಿಟ್ಟು, ಗೋಂದು ಬೆರೆತ ಪುಡಿ, ಗುರುತಿಲ್ಲ. ಅದನ್ನು ಬದಿಗಿಟ್ಟೆ. ಕರಿಬೇವಿನ ಒಂದೊಂದು ಎಲೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹುಳು ಇದೆಯೇ ಎಂದು ನೋಡಿದರು. ಬದನೆಕಾಯಿ ಸೀಳಿ ನೋಡುವಾಗ ನಮ್ಮಜ್ಜಿಯ ಹುಬ್ಬೂ ಹೀಗೆಯೇ ಗಂಟಿಕ್ಕುತ್ತಿತ್ತು. ಆಮೇಲೆ ಒಲೆ ಹಚ್ಚಿ ಪಕ್ಕಕ್ಕೆ ಸರಿದು ನಿಂತರು.

ಇಂಗಿಲ್ಲದ ಚಿತ್ರಾನ್ನ. ಅವಸರದಲ್ಲಿ ಉಪ್ಪು ಬೇರೆ ಹೆಚ್ಚಾಗಿತ್ತು. ಅವರು ಎರಡನೆಯ ಸಲವೂ ಹಾಕಿಸಿಕೊಂಡರು.